ಕೂಲಂಟ್ ನೋಡ್ತಾ ಇರಿ

ಮೀಟರಿನಲ್ಲಿ 1,86,000 ಕಿಲೋಮೀಟರ್ ಓಡಿದ ಡೀಸೆಲ್ ಗಾಡಿ. ಏಳು ಸೀಟಿನ ದೊಡ್ಡ ಎಸ್‌ಯುವಿ. ಕೆಎ 21, ಅಂದರೆ ಪುತ್ತೂರಿನ ನಂಬರು. ಅದನ್ನು 5,25,000 ರೂಪಾಯಿ ಕೊಟ್ಟು ತಗೊಂಡೆ ಅಂದಾಗ ಬೆಂಗಳೂರಿನ ಆಫೀಸಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ತಲೆ ಸರಿ ಇದ್ಯಾ? ಅದೇ ದುಡ್ಡಿಗೆ ಹೊಸ ಸಣ್ಣ ಕಾರು ಬರ್ತಿತ್ತಲ್ಲ?"

ಬರ್ತಿತ್ತು. ಆದರೆ ಆ ಸಣ್ಣ ಕಾರು ಜುಲೈ ತಿಂಗಳಲ್ಲಿ ನಮ್ಮ ಮನೆಗೆ ಬರ್ತಿರಲಿಲ್ಲ. ಕಡಬದಿಂದ ಒಳಗೆ ಹೋಗಿ, ಟಾರು ಮುಗಿದ ಮೇಲೆ ಒಂದೂವರೆ ಕಿಲೋಮೀಟರ್ ಮಣ್ಣು ರಸ್ತೆ, ನಡುವೆ ಒಂದು ತೋಡು, ಕೊನೆಗೆ ಒಂದು ಏರು. ಈ ಕಡೆ ಜೀಪು ಯಾವತ್ತೂ ಶೋಕಿಯ ವಸ್ತು ಆಗಿರಲಿಲ್ಲ. ಅಡಿಕೆ ಮೂಟೆ, ಮದುಮಗಳು, ಬಸುರಿ, ಹಾವು ಕಚ್ಚಿದವರು, ಎಲ್ಲರೂ ಜೀಪಿನಲ್ಲೇ ಹೋದವರು. ಅಪ್ಪನ ಮೊಣಕಾಲು ಹಾಳಾಗಿ ತಿಂಗಳಿಗೆ ಎರಡು ಸಲ ಪುತ್ತೂರಿನ ಆಸ್ಪತ್ರೆಗೆ ಹೋಗಬೇಕಾಗಿತ್ತು. ನನಗೆ ತಿಂಗಳಲ್ಲಿ ಎರಡು ವಾರ ಮನೆಯಿಂದಲೇ ಕೆಲಸ. ಹಾಗಾಗಿ ದೊಡ್ಡ ಗಾಡಿ ಬೇಕಿತ್ತು, ಹೊಸದಕ್ಕೆ ದುಡ್ಡಿರಲಿಲ್ಲ. ಕಥೆ ಇಷ್ಟೇ.

ನೋಡಿದ್ದು ಎರಡು ಗಾಡಿ. ಮೊದಲನೆಯದು ಮಂಗಳೂರಿನಲ್ಲಿ, ಒಬ್ಬ ಬ್ರೋಕರ್ ಹತ್ತಿರ. ಮೀಟರಿನಲ್ಲಿ ಬರೀ 68,000. ಪಾಲಿಶ್ ಮಾಡಿ ಮುಖ ನೋಡಿಕೊಳ್ಳುವ ಹಾಗೆ ಇಟ್ಟಿದ್ದರು. ಪುತ್ತೂರಿನಿಂದ ಜೊತೆಗೆ ಕರೆದುಕೊಂಡು ಹೋದ ಮೆಕ್ಯಾನಿಕ್ ಅಣ್ಣ ಬಾನೆಟ್ ಎತ್ತಲೇ ಇಲ್ಲ. ಡ್ರೈವರ್ ಬಾಗಿಲು ತೆಗೆದು, ಕುಕ್ಕರಗಾಲಲ್ಲಿ ಕೂತು, ಬ್ರೇಕ್ ಪೆಡಲಿನ ರಬ್ಬರ್ ಮುಟ್ಟಿ ನೋಡಿದರು. ಸವೆದು ನುಣ್ಣಗಾಗಿತ್ತು. ಸೀಟಿನ ಅಂಚು ಕುಸಿದಿತ್ತು, ಸ್ಟೇರಿಂಗ್ ಹೊಳೆಯುತ್ತಿತ್ತು. "ಮೀಟರ್ ಸುಳ್ಳು ಹೇಳ್ತದೆ, ಕಾಲು ಸುಳ್ಳು ಹೇಳುದಿಲ್ಲ ಮಾರಾಯ್ರೆ. ಹೋಗುವ," ಅಂದರು.

ಎರಡನೆಯದು ಸುಳ್ಯದ ಕಡೆ, ರಿಟೈರ್ ಆದ ಒಬ್ಬ ಮಾಷ್ಟ್ರ ಮನೆಯಲ್ಲಿ. ಚಾ ಕೊಟ್ಟು, ಒಂದು ಹಳೇ ಡೈರಿ ತಂದು ಮುಂದಿಟ್ಟರು. ಆಯಿಲ್ ಬದಲಿಸಿದ ತಾರೀಕಿನಿಂದ ಬಲ್ಬ್ ಹಾಕಿದ್ದರವರೆಗೆ ಎಲ್ಲ ಬರೆದಿತ್ತು. ಆಮೇಲೆ ನಾನು ಕೇಳದೆಯೇ ಶುರು ಮಾಡಿದರು: "ಕ್ಲಚ್ ಅರ್ಧ ಹೋಗಿದೆ, ನಮ್ಮ ಏರಲ್ಲಿ ಹಾಫ್ ಕ್ಲಚ್ ಹಾಕಿ ಹಾಕಿ. ಒಂದು ವರ್ಷ ಬಂದ್ರೆ ನಿಮ್ಮ ಪುಣ್ಯ. ಎದುರಿನ ಬುಷ್ ಎಲ್ಲ ಹಾಕ್ಬೇಕು. ಟರ್ಬೊ ಈಗ ಸರಿ ಉಂಟು, ಎರಡು ಲಕ್ಷ ದಾಟಿದ ಮೇಲೆ ಹೇಳ್ಲಿಕ್ಕಾಗುದಿಲ್ಲ. ಘಾಟಿಯಲ್ಲಿ ಎಸಿ ತಂಪಾಗುದಿಲ್ಲ."

ನನಗೆ ಏನನ್ನಿಸಿತು ಹೇಳಿ? ಸಂತೋಷ ಅಲ್ಲ, ಸಂಶಯ. ಇಷ್ಟು ಹೇಳುವವರು ಇನ್ನೆಷ್ಟು ಮುಚ್ಚಿಟ್ಟಿರಬಹುದು ಅಂತ. ನಿಜ ಹೇಳುವವರನ್ನು ನಂಬುವ ಅಭ್ಯಾಸವೇ ನನಗೆ ತಪ್ಪಿಹೋಗಿತ್ತು.

ಇದಕ್ಕೆ ಅರ್ಥಶಾಸ್ತ್ರದಲ್ಲಿ ಒಂದು ವಿವರಣೆ ಇದೆ. 1970ರಲ್ಲಿ ಜಾರ್ಜ್ ಅಕರ್ಲಾಫ್ ಸೆಕೆಂಡ್ ಹ್ಯಾಂಡ್ ಕಾರುಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಒಂದು ಪ್ರಬಂಧ ಬರೆದರು. 2001ರಲ್ಲಿ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು. ವಾದ ಸರಳ: ಗಾಡಿಯ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲ ಗಾಡಿಗೂ ಅಂದಾಜಿನ ಸರಾಸರಿ ಬೆಲೆ ಕೊಡ್ತಾನೆ. ಆ ಬೆಲೆಗೆ ಒಳ್ಳೇ ಗಾಡಿ ಇಟ್ಟುಕೊಂಡವನು ಮಾರುವುದಿಲ್ಲ. ಕೊನೆಗೆ ಮಾರ್ಕೆಟ್ಟಿನಲ್ಲಿ ಉಳಿಯುವುದು ಕೆಟ್ಟ ಗಾಡಿಗಳೇ. ಅಂದರೆ ಒಬ್ಬ ಬಾಯಿ ಮುಚ್ಚಿಕೊಂಡರೆ ನಷ್ಟ ಅವನ ಗಿರಾಕಿಗೆ ಮಾತ್ರ ಅಲ್ಲ, ಮುಂದೆ ನಿಜ ಹೇಳಲಿಕ್ಕಿರುವ ಮಾಷ್ಟ್ರಿಗೂ.

ಗಾಡಿ ತಗೊಂಡೆ. ತಗೊಂಡ ದಿನವೇ ಎಕ್ಸೆಲ್ ಶೀಟ್ ಒಂದನ್ನು ಮಾಡಿದೆ, ಹೆಸರು "ಬರಲಿರುವುದು". ಮಾಷ್ಟ್ರು ಹೇಳಿದ ಒಂದೊಂದು ರಿಪೇರಿಗೆ ಒಂದೊಂದು ಸಾಲು, ಪಕ್ಕದಲ್ಲಿ ಅಂದಾಜು ಖರ್ಚು. ತಿಂಗಳಿಗೆ 5,000 ರೂಪಾಯಿ ಬೇರೆ ಖಾತೆಗೆ ಹಾಕುತ್ತಾ ಬಂದೆ. ಹೊಸ ಕಾರು ತಗೊಂಡವರು ಇಎಂಐ ಕಟ್ಟುವುದಿಲ್ಲವಾ, ಹಾಗೆ.

1,94,000ಕ್ಕೆ ಕ್ಲಚ್ ಕೈಕೊಟ್ಟಿತು. ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗ್, ಕೂಲಿ ಎಲ್ಲ ಸೇರಿ 24,500. ನನ್ನ ಅಂದಾಜು 22,000 ಇತ್ತು. ವಿಚಿತ್ರ ಅಂದರೆ ನನಗೆ ಸಿಟ್ಟು ಬರಲಿಲ್ಲ. ಹಳೇ ನೆಂಟರು ಹೇಳಿದ ದಿನಕ್ಕೇ ಬಂದ ಹಾಗಿತ್ತು. ಅವತ್ತು ನನಗೆ ಹೊಳೆದದ್ದು ಇದು: ಕ್ಲಚ್ ಅದೇ, ಬಿಲ್ಲೂ ಅದೇ. ಮೊದಲೇ ಹೇಳಿದ್ದರೆ ಅದು ಖರ್ಚು, ಹೇಳದೇ ಇದ್ದಿದ್ದರೆ ಮೋಸ. ಎರಡರ ನಡುವಿನ ವ್ಯತ್ಯಾಸ ಗಾಡಿಯಲ್ಲಿಲ್ಲ, ಮಾರಿದವರ ಒಂದು ಮಾತಿನಲ್ಲಿದೆ.

ಇಷ್ಟು ಚೆನ್ನಾಗಿ ಗೊತ್ತಿದ್ದವನು ಮುಂದೆ ಏನು ಮಾಡಿದೆ ಅನ್ನುವುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿರುವುದು.

ಮೂರು ವರ್ಷ ಆಯ್ತು. ಅಪ್ಪನ ಮೊಣಕಾಲಿಗೆ ಆಪರೇಷನ್ ಆಗಿ ಅಪ್ಪ, ಅಮ್ಮ ಇಬ್ಬರೂ ಬೆಂಗಳೂರಿಗೆ ಬಂದರು. ಗಾಡಿ ಊರಲ್ಲಿ ಸುಮ್ಮನೆ ನಿಂತಿತ್ತು, ಮಾರುವ ಅಂತ ಆಯ್ತು. ಮೀಟರ್ 2,21,000. ಕೊನೆಯ ಎರಡು ತಿಂಗಳು ಕೂಲಂಟ್ ಇಳಿಯುತ್ತಿತ್ತು. ಕೆಳಗೆ ಒಂದು ತೊಟ್ಟೂ ಸೋರುತ್ತಿಲ್ಲ, ಆದರೂ ಟ್ಯಾಂಕಿನಲ್ಲಿ ಕಮ್ಮಿ. ಹೊರಗೆ ಹೋಗದ ನೀರು ಒಳಗೇ ಎಲ್ಲೋ ಹೋಗುತ್ತಿದೆ ಅಂತ ಲೆಕ್ಕ. ಮೆಕ್ಯಾನಿಕ್ ಅಣ್ಣ ಹೇಳಿದರು: "ಹೆಡ್ ಗ್ಯಾಸ್ಕೆಟ್ ಅಂತ ಸಂಶಯ ಉಂಟು. ಬಿಚ್ಚಿದ್ರೆ ಮಾತ್ರ ಗೊತ್ತಾಗುದು. ಬಿಚ್ಚಿದ್ರೆ ನಲವತ್ತು ಸಾವಿರದ ಹತ್ತಿರ ಆದೀತು. ಹಾಗೆಯೇ ಆರು ತಿಂಗಳು ಓಡ್ಲಿಕ್ಕೂ ಸಾಕು."

ಶೀಟಿನಲ್ಲಿ ಹೊಸ ಸಾಲು ಸೇರಿಸಿದೆ: ಹೆಡ್ ಗ್ಯಾಸ್ಕೆಟ್, 40,000.

ಗಾಡಿ ನೋಡಲಿಕ್ಕೆ ಬಂದವನು ಸಂಪಾಜೆ ಕಡೆಯ ಹುಡುಗ. ಹೆಂಡತಿ, ಎರಡು ವರ್ಷದ ಮಗು ಜೊತೆಗಿದ್ದರು. ಟೈರ್ ಕೇಳಿದ, ಇನ್ಶೂರೆನ್ಸ್ ಕೇಳಿದ, ಟರ್ಬೊ ಕೇಳಿದ. ಎಲ್ಲದಕ್ಕೂ ನಿಜವೇ ಹೇಳಿದೆ. ಕೊನೆಗೆ, "ಬೇರೆ ಎಂತಾದ್ರೂ ಉಂಟಾ ಅಣ್ಣ?" ಅಂದ.

"ಕೂಲಂಟ್ ಮಾತ್ರ ನೋಡ್ತಾ ಇರಿ," ಅಂದೆ.

ಆ ಮಾತನ್ನು ಎಷ್ಟು ಜಾಗ್ರತೆಯಿಂದ ಆರಿಸಿದ್ದೆ ಅಂತ ನನಗೆ ಮಾತ್ರ ಗೊತ್ತು. ಅದರಲ್ಲಿ ಸುಳ್ಳಿಲ್ಲ. ಕೇಳಿದವನಿಗೆ ಅದು ಅಕ್ಕರೆಯ ಸಲಹೆ. ಗಾಡಿ ಇರುವ ಯಾರೂ ಯಾರಿಗೂ ಹೇಳಬಹುದಾದ ಮಾತು. ಹೇಳಿದ ಹಾಗೂ ಆಯ್ತು, ಕೇಳಿಸದ ಹಾಗೂ ಆಯ್ತು. ಮಾಷ್ಟ್ರ ಡೈರಿಯನ್ನೂ ಅವನ ಕೈಗೆ ಕೊಟ್ಟೆ. ಅದರಲ್ಲಿ ಮೂರು ವರ್ಷ ನಾನೂ ತಪ್ಪದೆ ಬರೆದಿದ್ದೆ. ಕೊನೆಯ ಸಲ ಗ್ಯಾರೇಜಿಗೆ ಹೋದದ್ದನ್ನು ಬಿಟ್ಟು. ಫಾರ್ಮ್ 29, 30ಕ್ಕೆ ಸಹಿ ಹಾಕಿದೆ, ದುಡ್ಡು ಬಂತು.

ಕಾನೂನು ನನ್ನ ಪರ ಇತ್ತಾ? 1872ರ ಭಾರತೀಯ ಕರಾರು ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ವಂಚನೆ ಅಂದರೆ ಏನು ಅಂತ ಇದೆ. ಅಲ್ಲಿ ಉದಾಹರಣೆಗೆ ಒಂದು ಕುದುರೆ ಬರ್ತದೆ, ಆ ಕಾಲದ ಸೆಕೆಂಡ್ ಹ್ಯಾಂಡ್ ಗಾಡಿ. ಕುದುರೆಗೆ ಊನ ಇದೆ ಅಂತ ಗೊತ್ತಿದ್ದೂ ಹರಾಜಿನಲ್ಲಿ ಸುಮ್ಮನೆ ಮಾರಿದರೆ ಅದು ವಂಚನೆ ಅಲ್ಲ. ಆದರೆ ಕೊಳ್ಳುವವಳು ಈಗಷ್ಟೇ ಪ್ರಾಯಕ್ಕೆ ಬಂದ ನಿನ್ನ ಮಗಳಾದರೆ, ಹೇಳಲೇಬೇಕು. ಕೊಳ್ಳುವವನು "ನೀನು ಅಲ್ಲ ಅನ್ನದಿದ್ದರೆ ಕುದುರೆ ಸರಿ ಇದೆ ಅಂತ ತಿಳಿದುಕೊಳ್ತೇನೆ" ಅಂದಾಗ ನೀನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ.

"ಬೇರೆ ಎಂತಾದ್ರೂ ಉಂಟಾ ಅಣ್ಣ?" ಅನ್ನುವುದು ಈ ಮೂರರಲ್ಲಿ ಯಾವುದು? ವಕೀಲರು ವಾದ ಮಾಡಬಹುದು. ನನ್ನನ್ನು ಕಾಡಿದ್ದು ಎರಡನೆಯದು. ಮಗಳಿಗೆ ಹೇಳಲೇಬೇಕು ಅಂತ ಕಾನೂನಿಗೆ ಗೊತ್ತಿದೆ. ಅಂದರೆ ಹೇಳುವುದು ಸರಿ ಅನ್ನುವುದರಲ್ಲಿ ಯಾರಿಗೂ ಸಂಶಯ ಇಲ್ಲ. ಎಷ್ಟು ಜನರನ್ನು ನಮ್ಮವರು ಅಂತ ಲೆಕ್ಕ ಹಾಕುತ್ತೇವೆ ಅನ್ನುವುದಷ್ಟೇ ಪ್ರಶ್ನೆ. ಎರಡು ಸಾವಿರ ವರ್ಷಕ್ಕೂ ಹಿಂದೆ ರೋಮಿನ ಸಿಸಿರೊ ಕೂಡ ಇದನ್ನೇ ಚರ್ಚಿಸಿದ್ದ, ಅವನ ಉದಾಹರಣೆಯಲ್ಲಿ ಕುದುರೆಯ ಬದಲು ದೋಷ ಇರುವ ಮನೆ. ಸುಮ್ಮನಿರುವುದೆಲ್ಲ ಮುಚ್ಚಿಡುವುದಲ್ಲ, ಆದರೆ ಇನ್ನೊಬ್ಬನಿಗೆ ಬೇಕಾದ ವಿಷಯವನ್ನು ನಿನ್ನ ಲಾಭಕ್ಕಾಗಿ ತಿಳಿಯದ ಹಾಗೆ ಮಾಡಿದರೆ ಅದು ಮುಚ್ಚಿಡುವುದೇ, ಅನ್ನುವುದು ಅವನ ತೀರ್ಮಾನ.

ಐದು ವಾರ ಕಳೆದು ಫೋನ್ ಬಂತು. ಸಂಪಾಜೆಯಿಂದ ಮಡಿಕೇರಿಗೆ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೆ ಹೋಗಿ ಗಾಡಿ ನಿಂತಿತಂತೆ. ಮಳೆ, ಸಂಜೆ, ಮಗು ಜೊತೆಗೆ. ಯಾರಿಗೂ ಏನೂ ಆಗಲಿಲ್ಲ. ಹೆಡ್ ಬೆಂಡ್ ಆಗಿತ್ತು, ಬಿಲ್ 58,000. ಅವನು ಬೈಯಲಿಲ್ಲ. "ಅಣ್ಣ, ನಿಮಗೆ ಗೊತ್ತಿತ್ತಾ?" ಅಂತ ಕೇಳಿದ.

"ಸಂಶಯ ಇತ್ತು," ಅಂದೆ.

"ಹೇಳ್ಬಹುದಿತ್ತಲ್ಲ," ಅಂದು ಇಟ್ಟುಬಿಟ್ಟ.

40,000 ಕಳಿಸಿದೆ. "ಬಂತು" ಅಂತ ಒಂದೇ ಪದದ ಮೆಸೇಜು. ಅಷ್ಟಕ್ಕೆ ಲೆಕ್ಕ ಚುಕ್ತಾ ಆಯ್ತು ಅಂದುಕೊಂಡಿದ್ದೆ, ಆಗಲಿಲ್ಲ. ಹೇಳಿದ್ದರೆ ಅವನು ಏನು ಬೇಕಾದರೂ ಮಾಡಬಹುದಿತ್ತು. ರೇಟು ಕಮ್ಮಿ ಕೇಳಬಹುದಿತ್ತು, ಬಿಚ್ಚಿಸಿ ನೋಡಬಹುದಿತ್ತು, ಮಳೆ ಬಿಡುವವರೆಗೆ ಮಗುವನ್ನು ಕೂರಿಸಿಕೊಂಡು ಘಾಟಿ ಹತ್ತದೆ ಇರಬಹುದಿತ್ತು. ಮಾಷ್ಟ್ರು ನನಗೆ ಕೊಟ್ಟದ್ದು ಅದನ್ನೇ, ಬರಲಿರುವುದಕ್ಕೆ ತಯಾರಾಗುವ ಸಮಯ. ಅದನ್ನು ಆಮೇಲೆ ಯುಪಿಐ ಮಾಡಲಿಕ್ಕಾಗುವುದಿಲ್ಲ.

ಹಾಗಂತ ಹಳೇ ಗಾಡಿಯ ಪ್ರತಿಯೊಂದು ಗಡಗಡ ಶಬ್ದವನ್ನೂ ಹೇಳುತ್ತಾ ಕೂತರೆ ಮಾರಲಿಕ್ಕುಂಟಾ? ನ್ಯಾಯವಾದ ಪ್ರಶ್ನೆ. ನಾನು ಕಂಡುಕೊಂಡ ಅಳತೆ ಇದು: ಇದನ್ನು ನಾನೇ ಇಟ್ಟುಕೊಂಡಿದ್ದರೆ ಯಾವ ರಿಪೇರಿಗೆ ದುಡ್ಡು ತೆಗೆದಿಡುತ್ತಿದ್ದೆನೋ, ಅಷ್ಟನ್ನು ಹೇಳಬೇಕು. ಅದಕ್ಕಿಂತ ಹೆಚ್ಚು ಬೇಡ, ಕಮ್ಮಿ ಸಲ್ಲ. ಸಂಶಯ ಮಾತ್ರ ಇತ್ತು, ಖಾತ್ರಿ ಇರಲಿಲ್ಲ ಅನ್ನುವ ನೆಪ ಈ ಅಳತೆಯ ಎದುರು ನಿಲ್ಲುವುದಿಲ್ಲ. ನನ್ನ ಶೀಟಿನಲ್ಲಿ ಆ ಸಾಲು ಇತ್ತಲ್ಲ? ಕೆಲಸ ಬಿಡುವಾಗ ಕೆಟಿ ಕೊಡುವವರಿಗೂ, ಫ್ಲಾಟ್ ಖಾಲಿ ಮಾಡುವಾಗ ಮುಂದಿನ ಬಾಡಿಗೆಯವರ ಹತ್ತಿರ ಮಾತಾಡುವವರಿಗೂ ಇದು ಅನ್ವಯಿಸುತ್ತದೆ ಅಂತ ನನಗನ್ನಿಸುತ್ತದೆ. "ಎಲ್ಲ ಡಾಕ್ಯುಮೆಂಟ್ ಮಾಡಿದ್ದೇನೆ" ಅನ್ನುವುದು ನಮ್ಮ ಆಫೀಸಿನ "ಕೂಲಂಟ್ ನೋಡ್ತಾ ಇರಿ".

ಈ ಸಲ ಏಪ್ರಿಲ್‌ನಲ್ಲಿ ಪುತ್ತೂರು ಮಹಾಲಿಂಗೇಶ್ವರ ಜಾತ್ರೆಯ ಗದ್ದೆಯಲ್ಲಿ ಮಾಷ್ಟ್ರು ಸಿಕ್ಕಿದರು. ಗಾಡಿ ಹೇಗುಂಟು ಅಂತ ಕೇಳಿದರು. ಎಲ್ಲ ಹೇಳಿದೆ, ನನ್ನ ಭಾಗವನ್ನೂ ಬಿಡದೆ. ಅವರು ಏನೂ ಅನ್ನಲಿಲ್ಲ. ನಾನೇ ಕೇಳಿದೆ, "ನೀವು ಅವತ್ತು ಅಷ್ಟೆಲ್ಲ ಯಾಕೆ ಹೇಳಿದ್ರಿ ಮಾಷ್ಟ್ರೇ?"

"ನೀವು ಕೇಳಿದ್ರಲ್ಲ," ಅಂದರು.

"ಇಲ್ಲ. ನಾನು ಎಂತದೂ ಕೇಳ್ಲಿಲ್ಲ."

"ಹೌದಾ?" ಸ್ವಲ್ಪ ಹೊತ್ತು ಯೋಚಿಸಿದರು. "ಕೇಳಿದ ಹಾಗೆ ಇತ್ತು."