ಪಿಂಗಾಣಿಯ ಮೋಹ



ಮಾನವನು ಹೊನ್ನನ್ನು ಕೂಡಿಡುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಹೊನ್ನು ಆಪತ್ಕಾಲಕ್ಕೆ ಒದಗುತ್ತದೆ. ಮುರಿದರೂ ತೂಕ ಕಳೆದುಕೊಳ್ಳುವುದಿಲ್ಲ. ಕಾಳನ್ನು ಹಗೇವಿನಲ್ಲಿ ತುಂಬಿಡುವುದೂ ಅರ್ಥವಾಗುವ ಮಾತೇ. ಬರಗಾಲವನ್ನು ಬಲ್ಲ ನಮ್ಮ ಮಾನ್ವಿ, ದೇವದುರ್ಗದ ಸೀಮೆಯವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕೈಜಾರಿದರೆ ಚೂರುಚೂರಾಗುವ, ಚಹ ಕುಡಿಯಲೂ ಹೊರತೆಗೆಯದ, ಸಮುದ್ರದಾಚೆ ಎರಡು ನೂರು ವರ್ಷಗಳ ಹಿಂದೆ ಸುಟ್ಟ ಒಂದು ಕಪ್ಪು-ಬಸಿಗಾಗಿ ವಿವೇಕಿಗಳೂ ಹಣ ವೆಚ್ಚಮಾಡುತ್ತಾರಲ್ಲ, ಅದೇಕೆ? ಇಂಗ್ಲೆಂಡಿನ ಹಳೆಯ ಪಿಂಗಾಣಿಯ ಮೇಲಿನ ಈ ಮೋಹ ಇಂದಿಗೂ ಅಳಿದಿಲ್ಲ. ಸಿರಿವಂತರ ಚಪಲವೆಂದು ಇದನ್ನು ತಳ್ಳಿಹಾಕುವುದು ಸುಲಭ. ಹಾಗೆ ತಳ್ಳುವ ಮುನ್ನ ತಾವು ಸ್ವಲ್ಪ ವಿಚಾರಿಸಬೇಕೆಂದು ವಿನಂತಿ.

ಪಿಂಗಾಣಿ ಮೂಲತಃ ಚೀನದ ವಿದ್ಯೆ. ಅದರ ಮರ್ಮ ಯುರೋಪಿನವರಿಗೆ ಶತಮಾನಗಳ ಕಾಲ ದೊರೆಯಲಿಲ್ಲ. ಜರ್ಮನಿಯ ಮೈಸೆನ್ನಿನಲ್ಲಿ 1710ರಲ್ಲಿ ಕಾರ್ಖಾನೆ ನಿಂತಿತು. ಇಂಗ್ಲೆಂಡಿನವರಿಗೆ ಆ ಗುಟ್ಟೂ ಸಿಕ್ಕಲಿಲ್ಲ. ಚೆಲ್ಸಿ, ಬೌ ಎಂಬಲ್ಲಿ 1740ರ ದಶಕದಲ್ಲಿ, ವುಸ್ಟರಿನಲ್ಲಿ 1751ರಲ್ಲಿ, ತಮಗೆ ತೋಚಿದ ಮಿಶ್ರಣಗಳಿಂದಲೇ ಅವರು ಆರಂಭಿಸಿದರು. ಒಲೆಯೊಳಗೆ ಪಾತ್ರೆ ಸೊಟ್ಟಗಾಗುವುದು, ಬಿರಿಯುವುದು, ಹೊಳಪಿನ ಲೇಪ ಒಂದೆಡೆ ಗಡ್ಡೆಕಟ್ಟುವುದು ನಿತ್ಯದ ಮಾತಾಗಿತ್ತು. ಸಂಗ್ರಾಹಕರು ಇಂದು ಪ್ರೀತಿಸುವುದು ಬಹುಮಟ್ಟಿಗೆ ಈ ಕುಂದುಗಳನ್ನೇ. ಚಕ್ಕೆಯೆದ್ದ ಲೇಪ, ಬಿರುಕನ್ನು ಮರೆಮಾಡಲು ಅದರ ಮೇಲೆಯೇ ಬರೆದ ಒಂದು ಚಿಟ್ಟೆ, ಇವುಗಳಲ್ಲಿ ಒಬ್ಬ ಅನಾಮಧೇಯ ಕಾಯಕಜೀವಿಯ ಬೆರಳು ಕಾಣುತ್ತದೆ. ಯಂತ್ರದಿಂದ ಬಂದ ಸಾವಿರ ಬಟ್ಟಲುಗಳಲ್ಲಿ ಆ ಬೆರಳಿಲ್ಲ.

ಇನ್ನೊಂದು ಆಕರ್ಷಣೆ ಅರಿವಿನದು. ಚೆಲ್ಸಿಯ ಪಾತ್ರೆಗಳ ತಳದಲ್ಲಿ ಲಂಗರಿನ ಪುಟ್ಟ ಗುರುತಿರುತ್ತದೆ. ಮೊದಲು ಉಬ್ಬಿದ್ದು, ಬಳಿಕ ಕೆಂಪು, ಆಮೇಲೆ ಬಂಗಾರದ್ದು. ಆ ಬಣ್ಣದಿಂದಲೇ ಕಾಲವನ್ನು ಅಂದಾಜಿಸಬಹುದು. ತಳದಲ್ಲಿ ‘ಇಂಗ್ಲೆಂಡ್’ ಎಂದು ಮುದ್ರೆಯಿದ್ದರೆ ಅದು ಸಾಮಾನ್ಯವಾಗಿ 1891ರ ಈಚಿನದು; ದೇಶದ ಹೆಸರು ನಮೂದಿಸಬೇಕೆಂದು ಅಮೆರಿಕವು ಆಗ ಆಮದಿಗೆ ನಿಯಮ ಮಾಡಿತು. ಆದರೆ ಗುರುತನ್ನೇ ನಂಬಿದವನು ಕೆಡುತ್ತಾನೆ. ಪ್ಯಾರಿಸಿನ ಸ್ಯಾಮ್ಸನ್ ಎಂಬ ಸಂಸ್ಥೆ ಹತ್ತೊಂಬತ್ತನೆಯ ಶತಮಾನದಲ್ಲಿ ಚೆಲ್ಸಿ, ವುಸ್ಟರುಗಳ ನಕಲುಗಳನ್ನು ರಾಶಿರಾಶಿಯಾಗಿ ಮಾಡಿತು, ಲಂಗರನ್ನೂ ಬರೆಯಿತು. ಕೊನೆಗೆ ಉಳಿಯುವುದು ಕೈಯ ಅನುಭವ, ಕಣ್ಣಿನ ಸಾಧನೆ. (ವೇಷಕ್ಕೂ ಆಚಾರಕ್ಕೂ ಇರುವ ಅಂತರ ಕುಂಬಾರಿಕೆಯಲ್ಲಿಯೂ ಉಂಟು.)

ಇಷ್ಟೆಲ್ಲ ಹೊಗಳಿದ ಮೇಲೆ ನೈತಿಕ ಪ್ರಶ್ನೆಗೆ ಬರಬೇಕು. ಪ್ರಸಾದ ನಿಲಯಗಳಲ್ಲಿ ಓದಿ ಹೊರಬಂದ ತಮ್ಮಲ್ಲಿ ಅನೇಕರು ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವನ್ನು ನೋಡಿರುತ್ತೀರಿ. 1912ರಿಂದ 1914ರ ವರೆಗೆ ನಿಜಾಮರ ದಿವಾನರಾಗಿದ್ದ ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ ಅವರು ಅಧಿಕಾರ ಬಿಟ್ಟ ಮೇಲೆ ಸುಮಾರು ಮೂವತ್ತೈದು ವರ್ಷ ವಸ್ತುಸಂಗ್ರಹವನ್ನೇ ವ್ರತವಾಗಿ ಹಿಡಿದರು. ಚೀನ, ಜಪಾನ್, ಫ್ರಾನ್ಸುಗಳ ಪಿಂಗಾಣಿಯೊಡನೆ ಇಂಗ್ಲೆಂಡಿನ ಪಿಂಗಾಣಿಯೂ ಅಲ್ಲಿದೆ. ಆ ಕಪಾಟುಗಳ ಮುಂದೆ ನಿಂತು ಬೆರಗಾಗುವ ನಮ್ಮವರು ಒಂದು ಸಂಗತಿಯನ್ನು ಮರೆಯುತ್ತಾರೆ. ಹಿಂದೆ ರಾಯಚೂರು ಜಿಲ್ಲೆಗೆ ಸೇರಿದ್ದ ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರು. ಅಲ್ಲಿಯ ಎರೆಹೊಲದ ರೈತ ಕಟ್ಟಿದ ಕಂದಾಯವೂ ಆ ಮನೆತನದ ಬೊಕ್ಕಸಕ್ಕೆ ಸೇರುತ್ತಿತ್ತು. ಬಸಿ ಎಷ್ಟೇ ಸುಂದರವಾಗಿರಲಿ, ಅದನ್ನು ಕೊಂಡ ಹಣದಲ್ಲಿ ಜೋಳದ ರೊಟ್ಟಿಯ ಪಾಲು ಇತ್ತೆಂಬುದನ್ನು ಅಲ್ಲಗಳೆಯಲಾಗದು.

ಅವರು 1949ರಲ್ಲಿ ಸಂತಾನವಿಲ್ಲದೆ ತೀರಿಕೊಂಡರು. ಜಹಗೀರುಗಳು ರದ್ದಾದದ್ದೂ ಅದೇ ವರ್ಷ. 1951ರ ಡಿಸೆಂಬರಿನಲ್ಲಿ ಅವರ ಮನೆಯಾದ ದಿವಾನ್ ದೇವಡಿಯಲ್ಲಿಯೇ ಪಂಡಿತ ನೆಹರೂ ಅವರು ಸಂಗ್ರಹಾಲಯವನ್ನು ಉದ್ಘಾಟಿಸಿದರು. 1961ರಲ್ಲಿ ಪಾರ್ಲಿಮೆಂಟು ಅದನ್ನು ರಾಷ್ಟ್ರೀಯ ಮಹತ್ತ್ವದ ಸಂಸ್ಥೆಯೆಂದು ಘೋಷಿಸಿತು. 1968ರಲ್ಲಿ ಮೂಸಿ ನದಿಯ ದಡದ ಈಗಿನ ಕಟ್ಟಡಕ್ಕೆ ಅದು ಬಂದಿತು. ಹೀಗೆ ಸಾರ್ವಜನಿಕವಾದುದರಿಂದ ಹಿಂದಿನ ಲೆಕ್ಕ ಚುಕ್ತಾ ಆಯಿತೇ? ಆಗಲಿಲ್ಲವೆಂದೇ ನನ್ನ ಅಭಿಪ್ರಾಯ. ದಾಸೋಹವೆಂಬುದು ಕೊಡುವವನು ಬದುಕಿರುವಾಗ ಕೈಯಾರೆ ಕೊಡುವಂಥದು. ವಾರಸುದಾರನಿಲ್ಲದ ಆಸ್ತಿ ಲೋಕಕ್ಕೆ ಸಂದರೆ ಅದು ಲೋಕದ ಪುಣ್ಯ. ಆದರೂ ಒಂದು ಮಾತನ್ನು ಅವರ ಪರವಾಗಿ ಹೇಳಲೇಬೇಕು. ಕೂಡಿಟ್ಟ ಕಾಳು ಹುಳುಹಿಡಿಯುವಾಗ ನೆರೆಮನೆಯವನು ಹಸಿದಿರುತ್ತಾನೆ. ಒಡೆಯುವ ವಸ್ತುವನ್ನು ಒಡೆಯದಂತೆ ಕಾಯ್ದವನು ಯಾರ ತುತ್ತನ್ನೂ ಕೊಳೆಸುವುದಿಲ್ಲ. ಕೊಂಡದ್ದು ಒಂದು ಕರ್ಮ, ಕಾಯ್ದದ್ದು ಮತ್ತೊಂದು. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕುವುದು ನ್ಯಾಯವಲ್ಲ.

ಸ್ಟೋಕಿನ ಸ್ಪೋಡ್ ಕಾರ್ಖಾನೆಯೂ ವುಸ್ಟರಿನ ಕಾರ್ಖಾನೆಯೂ 2008–09ರ ವೇಳೆಗೆ ಮುಚ್ಚಿದವು. ಹಳೆಯ ಸಾಧಾರಣ ಚಹಸೆಟ್ಟುಗಳಿಗೆ ಇಂಗ್ಲೆಂಡಿನಲ್ಲಿಯೇ ಹಿಂದಿನ ಬೆಲೆಯಿಲ್ಲ. ಲಾಭದ ಆಸೆಯಿಂದ ಬಂದವರು ಹೋದರು. ವಸ್ತುವಿನ ಮೇಲಣ ಪ್ರೀತಿಯಿಂದ ಬಂದವರು ಉಳಿದರು. ಹರಿಹರನ ರಗಳೆಯಿಂದ ಪ್ರಸಿದ್ಧನಾದ ಕುಂಬಾರ ಗುಂಡಯ್ಯನು ಮಡಕೆ ಬಡಿದ ನಾದಕ್ಕೆ ಶಿವನೇ ಕುಣಿದನೆಂಬುದು ನಮ್ಮ ಪರಂಪರೆಯ ನಂಬಿಕೆ. ಆ ಮಡಕೆಗಳಲ್ಲಿ ಒಂದನ್ನೂ ಯಾರೂ ಕಪಾಟಿನಲ್ಲಿ ಇಟ್ಟಿರಲಿಲ್ಲ. ಅವು ನೀರು ಹೊತ್ತು, ಅಂಬಲಿ ಬೇಯಿಸಿ, ಒಡೆದು ಮಣ್ಣಾದವು. ಬಾಗಲವಾಡದ ಕುಂಬಾರನ ಗಡಿಗೆಗೂ ಅದೇ ಗತಿ. ದೂರದ ಮಣ್ಣನ್ನು ಗಾಜಿನ ಹಿಂದಿಟ್ಟು, ಊರ ಮಣ್ಣಿಗೆ ಬೆಲೆ ಕಟ್ಟುವಾಗ ನಾಲ್ಕು ರೂಪಾಯಿಗೆ ಚೌಕಾಸಿ ಮಾಡುವ ಮನಸ್ಸನ್ನು ಏನೆನ್ನೋಣ?

ಇನ್ನು, ಅನೇಕ ಶರಣಬಂಧುಗಳನ್ನು ಕಾಡಬಹುದಾದ ಒಂದು ಸಂದೇಹ. ಬೌ ಕಾರ್ಖಾನೆಯವರು ಮಣ್ಣಿಗೆ ದನದ ಎಲುಬಿನ ಬೂದಿ ಬೆರೆಸಿದರು. 1790ರ ದಶಕದಲ್ಲಿ ಸ್ಪೋಡ್ ಮನೆತನದವರು ಅದನ್ನೇ ಹದಗೊಳಿಸಿ ‘ಬೋನ್ ಚೈನಾ’ ಎಂಬುದನ್ನು ರೂಢಿಗೆ ತಂದರು. ಅದರಲ್ಲಿ ಹೆಚ್ಚುಕಡಿಮೆ ಅರ್ಧಪಾಲು ಎಲುಬಿನ ಬೂದಿಯೇ. ಬೆಳಕಿಗೆ ಹಿಡಿದಾಗ ಬೆರಳಿನ ನೆರಳು ತೋರುವ ಆ ತೆಳುಬಿಳುಪಿಗೆ ಅದೂ ಒಂದು ಕಾರಣ. ಸಗಣಿಯನ್ನು ಸುಟ್ಟ ವಿಭೂತಿಯನ್ನು ಹಣೆಗೆ ಧರಿಸುವ ನಾವು ಈ ಬೂದಿಯನ್ನು ತುಟಿಗೆ ಮುಟ್ಟಿಸಬಹುದೇ? ನೂರು ವರ್ಷದ ಹಿಂದಿನ ಬಟ್ಟಲನ್ನು ಇಂದು ಕೊಂಡರೆ ಹೊಸದಾಗಿ ಒಂದು ಪ್ರಾಣಿಯೂ ಸಾಯುವುದಿಲ್ಲ. ನೋಡಲು ಇಟ್ಟುಕೊಳ್ಳುವವನಿಗೆ ಅಡ್ಡಿಯೇನೂ ನನಗೆ ಕಾಣುವುದಿಲ್ಲ. ಹೊಸ ಬೋನ್ ಚೈನಾ ಕೊಳ್ಳುವ ಸಸ್ಯಾಹಾರಿಯ ಪಾಡು ಬೇರೆ. ಅದರ ಮಾರಾಟಗಾರನನ್ನು ಆತ ಮೊದಲು ಕೇಳಲಿ. ಇಷ್ಟಲಿಂಗಪೂಜೆಯ ಪೀಠದ ಬಳಿಗೆ ಮಾತ್ರ, ಹಳೆಯದಿರಲಿ ಹೊಸದಿರಲಿ, ಅದು ಬಾರದಿರಲಿ. ಅಲ್ಲಿಗೆ ತಾಮ್ರದ ಗಿಂಡಿಯೇ ಸಾಕು.