ಸವೆಯುವ ಕೀಲು, ಸವೆಯಬಾರದ ಹೊಣೆ



ಬಡವನಿಗೆ ಕೊಡುವ ವಸ್ತು ಎಷ್ಟು ಕಾಲ ಬಾಳಬೇಕು? ಹಸಿದವನಿಗೆ ಬಡಿಸಿದ ಅನ್ನಕ್ಕೆ ಈ ಪ್ರಶ್ನೆಯಿಲ್ಲ. ಉಂಡಲ್ಲಿಗೆ ಅದರ ಕೆಲಸ ಮುಗಿಯಿತು. ಕೊಟ್ಟ ಕಂಬಳಿ ನಾಲ್ಕು ಮಳೆಗಾಲ ಕಂಡು ಹರಿದರೆ ಯಾರೂ ದೂರುವುದಿಲ್ಲ. ಆದರೆ ದೇಹವನ್ನು ಕೊಯ್ದು, ಒಳಗಿಟ್ಟು, ಹೊಲಿದುಬಿಡುವ ವಸ್ತುವಿನ ಮಾತೇನು? ಅದನ್ನು ಕೊಟ್ಟವರ ಕರ್ತವ್ಯ ಯಾವಾಗ ಮುಗಿಯುತ್ತದೆ?

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ನಮಗೆ ಇದು ದೂರದ ಪ್ರಶ್ನೆಯಲ್ಲ. 1970ರ ದಶಕದ ಮಧ್ಯದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಕಂಡುಬಂದ ಕಾಯಿಲೆಗೆ ಆ ಊರಿನ ಹೆಸರೇ ಅಂಟಿಕೊಂಡಿತು. ಸೊಂಟ ಮತ್ತು ಮಂಡಿಯ ಕೀಲುಗಳು ನೋಯುತ್ತವೆ, ಬಿಗಿಯುತ್ತವೆ, ಸವೆದುಹೋಗುತ್ತವೆ. ನಡೆಯುತ್ತಿದ್ದವರು ಕೋಲು ಹಿಡಿಯುತ್ತಾರೆ. ಕೆಲವರು ತೆವಳುವ ಸ್ಥಿತಿಗೂ ಬರುತ್ತಾರೆ. ಬಾಧೆಗೊಳಗಾದವರಲ್ಲಿ ಹೆಚ್ಚಿನವರು ಛಲವಾದಿ ಮತ್ತು ಚನ್ನಂಗಿ ಸಮುದಾಯದ ಕೂಲಿಕಾರರು. ಗದ್ದೆಗೆ ಹೊಡೆದ ಕೀಟನಾಶಕ ಸೇರಿದ ಏಡಿ, ಮೀನು ತಿಂದದ್ದೇ ಕಾರಣವಿರಬಹುದೆಂದು ಮೊದಲು ಶಂಕಿಸಲಾಗಿತ್ತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ ಸಂಶೋಧಕರು 1977ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ವರ್ಣಿಸಿದರು. 1994ರಲ್ಲಿ ಪ್ರಕಟವಾದ ಅಧ್ಯಯನವು ಇದು ವಂಶವಾಹಿಯಿಂದ ಬರುವ ಮೂಳೆ ಬೆಳವಣಿಗೆಯ ದೋಷವೆಂದು ತೋರಿಸಿತು. ಮೂಲದಲ್ಲೇ ಇದನ್ನು ನೀಗುವ ಔಷಧಿ ಇಲ್ಲ.

ಪೂರ್ತಿ ಹಾಳಾದ ಕೀಲಿಗೆ ವೈದ್ಯಶಾಸ್ತ್ರದಲ್ಲಿರುವ ದೊಡ್ಡ ಉಪಾಯ ಕೃತಕ ಕೀಲು. ತೊಡೆಮೂಳೆಯ ತುದಿಗೆ ಲೋಹದ ಅಥವಾ ಪಿಂಗಾಣಿಯಂಥ ವಸ್ತುವಿನ ಗುಂಡು. ಅದು ತಿರುಗಲು ಗಟ್ಟಿ ಪ್ಲಾಸ್ಟಿಕ್ಕಿನ ಬಟ್ಟಲು. ಒಂದು ಕಾಲು ವರ್ಷಕ್ಕೆ ಸುಮಾರು 10 ಲಕ್ಷ ಹೆಜ್ಜೆ ಇಡುತ್ತದೆಂಬ ಲೆಕ್ಕದಲ್ಲಿ ಇವನ್ನು ಪ್ರಯೋಗಾಲಯದ ಯಂತ್ರಗಳಲ್ಲಿ ತಿರುಗಿಸಿ ಪರೀಕ್ಷಿಸುತ್ತಾರೆ. ಗಾಡಿಯ ಅಚ್ಚು ಸವೆದಂತೆ ಇದೂ ಸವೆಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಉದುರುತ್ತದೆ. ದೇಹದ ಕಾವಲು ಕಣಗಳು ಆ ಪುಡಿಯನ್ನು ಶತ್ರುವೆಂದು ನುಂಗುತ್ತವೆ, ಆದರೆ ಕರಗಿಸಲಾರವು. ಆ ಹೋರಾಟದಲ್ಲಿ ಸುತ್ತಲಿನ ಮೂಳೆ ಕರಗಿ ಕೀಲು ಸಡಿಲವಾಗುತ್ತದೆ.

ತುಕ್ಕಿನದು ಇನ್ನೊಂದು ಕಥೆ. ಮಳೆಗಾಲದಲ್ಲಿ ಮೂಲೆಗಿಟ್ಟ ಕತ್ತಿ ಏನಾಗುತ್ತದೆಂದು ನಿಮಗೆ ಗೊತ್ತು. ನಮ್ಮ ದೇಹದೊಳಗೆ ವರ್ಷವಿಡೀ ಉಪ್ಪು ನೀರಿನ ಮಳೆಗಾಲ. ಟೈಟಾನಿಯಂ, ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹಗಳು ತಮ್ಮ ಮೇಲೆ ತಾವೇ ತೆಳುವಾದ ಪದರವೊಂದನ್ನು ಹೊದ್ದು ತುಕ್ಕನ್ನು ತಡೆಯುತ್ತವೆ. ಆದರೆ ಎರಡು ಭಾಗಗಳು ಕೂಡುವ ಸಂದಿಯಲ್ಲಿ ತಿಕ್ಕಾಟವಾದರೆ ಆ ಪದರ ಕಿತ್ತುಹೋಗಿ ಲೋಹ ರಕ್ತಕ್ಕೆ ಸೇರತೊಡಗುತ್ತದೆ.

ಧರ್ಮಸಂಕಟ ಇಲ್ಲಿಯೇ ಇದೆ. 100 ಸೊಂಟದ ಕೀಲುಗಳಲ್ಲಿ ಸುಮಾರು 58 ಮಾತ್ರ 25 ವರ್ಷ ಬಾಳುತ್ತವೆಂದು 2019ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯ ಅಧ್ಯಯನ ತಿಳಿಸಿತು. 70 ವರ್ಷದವರಿಗೆ ಅಷ್ಟು ಸಾಕು. 25ರ ಹರೆಯದ ಕೂಲಿಯಾಳಿಗೆ? ಅವನಿಗೆ ಈಗಲೇ ಕೀಲು ಹಾಕಿದರೆ ಮಧ್ಯವಯಸ್ಸಿನಲ್ಲಿ ಮತ್ತೆ ಕೊಯ್ಯಬೇಕಾದೀತು. ಎರಡನೆಯ ಶಸ್ತ್ರಚಿಕಿತ್ಸೆ ಮೊದಲನೆಯದಕ್ಕಿಂತ ಕಷ್ಟ, ಖರ್ಚೂ ಹೆಚ್ಚು. ಕಾಯಲು ಹೇಳಿದರೆ ದುಡಿಯುವ, ಸಂಸಾರ ಕಟ್ಟುವ ವರ್ಷಗಳೆಲ್ಲ ನೋವಿನಲ್ಲೇ ಕಳೆಯುತ್ತವೆ. ಕೀಲಿನ ಬಾಳಿಕೆಗೆ ಹತ್ತು ವರ್ಷ ಸೇರಿಸುವ ವಿಜ್ಞಾನಿ ಈ ಸಂಕಟವನ್ನೇ ಅಷ್ಟು ಹಗುರ ಮಾಡುತ್ತಾನೆ. ಅವನದು ಬರೀ ಲೋಹ ಉಜ್ಜುವ ಕೆಲಸವೆಂದು ಹೇಗೆ ಹೇಳೋಣ?

ಇಂಗ್ಲೆಂಡಿನ ವೈದ್ಯ ಜಾನ್ ಚಾರ್ನ್‌ಲಿಯವರ ಬದುಕು ಇಲ್ಲಿ ಪಾಠವಾಗಬಲ್ಲದು. ಅವರು ಮೊದಲು ಟೆಫ್ಲಾನ್ ಬಟ್ಟಲುಗಳನ್ನು ಸುಮಾರು 300 ರೋಗಿಗಳಿಗೆ ಹಾಕಿದರು. ಕೆಲವೇ ವರ್ಷಗಳಲ್ಲಿ ಅವು ಸವೆದು ಕೆಟ್ಟವು. ಅವರು ಆ ರೋಗಿಗಳನ್ನು ಬೇರೆಯವರ ಕೈಗೆ ದಾಟಿಸಲಿಲ್ಲ. ಮರುಶಸ್ತ್ರಚಿಕಿತ್ಸೆಗೆ ತಾವೇ ನಿಂತರು. 1962ರಲ್ಲಿ ಇನ್ನೊಂದು ಬಗೆಯ ಪ್ಲಾಸ್ಟಿಕ್, ಪಾಲಿಎಥಿಲೀನ್, ಹಿಡಿದರು. ಅದನ್ನೂ ಟೆಫ್ಲಾನನ್ನೂ ತಮ್ಮ ತೊಡೆಯೊಳಗೇ ಇಟ್ಟು ದೇಹ ಹೇಗೆ ಸಹಿಸುತ್ತದೆಂದು ನೋಡಿದರು. ಅದೇ ಪ್ಲಾಸ್ಟಿಕ್ಕಿಗೆ ವಿಕಿರಣ ಹಾಯಿಸಿ ಅದರ ಎಳೆಗಳನ್ನು ಒಂದಕ್ಕೊಂದು ಬೆಸೆಯುವ ವಿಧಾನ 1990ರ ದಶಕದ ಕೊನೆಗೆ ಬಳಕೆಗೆ ಬಂದು ಸವೆತ ಬಹಳ ತಗ್ಗಿತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಲೋಹದ ಬಟ್ಟಲಿನಲ್ಲಿ ಲೋಹದ ಗುಂಡು ತಿರುಗುವ ಎಎಸ್‌ಆರ್ ಎಂಬ ಕೀಲನ್ನು ಡಿಪ್ಯೂ ಕಂಪನಿ 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ಸವೆದ ಲೋಹ ರೋಗಿಗಳ ರಕ್ತ ಸೇರಿತ್ತು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಅದನ್ನು ಬಳಸಲಾಗಿತ್ತು. 2018ರಲ್ಲಿ ಕೇಂದ್ರದ ತಜ್ಞರ ಸಮಿತಿಯ ವರದಿ ಹೊರಬಂದಾಗ ಅವರಲ್ಲಿ 3,000ಕ್ಕೂ ಹೆಚ್ಚು ಮಂದಿ ಎಲ್ಲಿದ್ದಾರೆಂಬುದೇ ತಿಳಿದಿರಲಿಲ್ಲ. ಕೀಲು ಕೆಟ್ಟದ್ದು ಒಂದು ದುರಂತ. ಹಾಕಿಸಿಕೊಂಡವರ ಗುರುತೇ ಇಲ್ಲದ್ದು ಅದಕ್ಕಿಂತ ದೊಡ್ಡದು.

ಎಲ್ಲರಿಗೂ ಒಂದೇ ಅಳತೆ ಎಂಬುದು ಯಾವಾಗಲೂ ನ್ಯಾಯವಲ್ಲ, ಸ್ಥಿತಿ ಬೇರೆಯಾದಲ್ಲಿ ಪಾಲೂ ಬೇರೆಯಾಗಬೇಕು ಎಂದು ಅರಿಸ್ಟಾಟಲ್ ತತ್ತ್ವಜ್ಞಾನಿ ತಿಳಿಸಿದ್ದಾನೆ. 'ಬಡವರಿಗೆ ಇಷ್ಟಾದರೂ ಸಿಕ್ಕಿತಲ್ಲ' ಎಂದು ನಾವು ಸಮಾಧಾನ ಪಡುತ್ತೇವೆ. ಯೋಚಿಸಿ ನೋಡಿ: ಕುರ್ಚಿಯಲ್ಲಿ ಕೂರುವವರ ಕೀಲಿಗಿಂತ ಗದ್ದೆಯ ಕೆಸರಿನಲ್ಲಿ ಬಗ್ಗಿ ನಾಟಿ ಮಾಡುವವಳ, ಕುಕ್ಕರಗಾಲಿನಲ್ಲಿ ಕೂತು ಅಡಿಕೆ ಸುಲಿಯುವವಳ ಕೀಲಿಗೆ ತ್ರಾಸ ಹೆಚ್ಚು. ಎರಡನೆಯ ಶಸ್ತ್ರಚಿಕಿತ್ಸೆಯ ಶಕ್ತಿಯೂ ಅವಳಿಗೆ ಕಡಿಮೆ. ಹಾಗಾದರೆ ಎಲ್ಲಕ್ಕಿಂತ ಹೆಚ್ಚು ಬಾಳುವ ಕೀಲು ಮೊದಲು ಯಾರಿಗೆ ಸಲ್ಲಬೇಕು? 2017ರ ಆಗಸ್ಟ್‌ನಲ್ಲಿ ಸರ್ಕಾರ ಮಂಡಿಯ ಕೃತಕ ಕೀಲಿಗೆ ಬೆಲೆಯ ಮಿತಿ ಹಾಕಿದ್ದು ಒಳ್ಳೆಯ ಹೆಜ್ಜೆ. ಆದರೆ ಅಗ್ಗವಾದರೆ ಮಾತ್ರ ಸಾಲದು, ಬಾಳಲೂ ಬೇಕು.

ಸಂತ ಲೂಕರ ಶುಭಸಂದೇಶದಲ್ಲಿ ಬರುವ ಸಮಾರಿಯದವನನ್ನು ನೆನೆಯಿರಿ. ಗಾಯಕ್ಕೆ ಎಣ್ಣೆ ಹಾಕಿದ್ದನ್ನು ನಾವೆಲ್ಲ ಹೊಗಳುತ್ತೇವೆ. ಛತ್ರದವನಿಗೆ ಹಣ ಕೊಟ್ಟು, ಹೆಚ್ಚಿನ ಖರ್ಚಾದರೆ ಮರಳಿ ಬರುವಾಗ ತೀರಿಸುವೆನೆಂದು ಅವನು ಕೊಟ್ಟ ಮಾತನ್ನು ಮರೆಯುತ್ತೇವೆ. ಅವನ ದಯೆ ಗಾಯ ಕಟ್ಟಿದ ದಿನಕ್ಕೇ ನಿಲ್ಲಲಿಲ್ಲ. ಮರಳಿ ಬಂದು ವಿಚಾರಿಸುವ ಹೊಣೆಯೂ ಅದರಲ್ಲಿ ಸೇರಿತ್ತು.

ಈ ಮರಳಿ ಬರುವ ಕೆಲಸ ನಮ್ಮಿಂದಲೂ ಸಾಧ್ಯ. ನಿಮ್ಮ ಮನೆಯಲ್ಲೋ ಕೇರಿಯಲ್ಲೋ ಕೃತಕ ಕೀಲು ಹಾಕಿಸಿಕೊಂಡವರಿದ್ದರೆ, ಕೀಲಿನ ಹೆಸರು, ಸಂಖ್ಯೆ ಇರುವ ಚೀಟಿಯನ್ನು ಪಡಿತರ ಚೀಟಿಯಷ್ಟೇ ಜೋಪಾನವಾಗಿ ಇಡಿಸಿರಿ. ನೋವಿಲ್ಲದಿದ್ದರೂ ವೈದ್ಯರು ಹೇಳಿದ ಕಾಲಕ್ಕೆ ಕ್ಷಕಿರಣ ಚಿತ್ರ ತೆಗೆಸಲು ಜೊತೆಗೆ ಹೋಗಿರಿ. ಮೂಳೆ ಕರಗುವುದು ಎಷ್ಟೋ ಸಲ ಸದ್ದಿಲ್ಲದೆ ನಡೆಯುತ್ತದೆ. ಹಂದಿಗೋಡು ಕಾಯಿಲೆಯ ಮನೆಯೆಂದು ಹೆಣ್ಣು-ಗಂಡಿನ ಮಾತಿನಲ್ಲಿ ಆಡಿಕೊಳ್ಳುವ ನಾಲಿಗೆಯನ್ನು ತಡೆಯಿರಿ. ಆ ಮಾತೂ ಮನುಷ್ಯರನ್ನು ಸವೆಸುತ್ತದೆ.

ಸವೆಯದ ವಸ್ತು ಈ ಲೋಕದಲ್ಲಿಲ್ಲ. ಯಾವ ಲೋಹವೂ ಶಾಶ್ವತವಲ್ಲವೆಂದು ತಿಳಿದ ಮೇಲೆ, ಹತ್ತು ವರ್ಷದ ನಂತರ ಆ ಮನೆಯ ಅಂಗಳಕ್ಕೆ ಹೋಗಿ 'ಕಾಲು ಹೇಗಿದೆ ಅಮ್ಮಾ?' ಎಂದು ಕೇಳುವವರು ಬೇಕು. ಆ ಒಬ್ಬರು ನಾವಾಗೋಣ.