ಉತ್ತರದ ಋಣ

ನನ್ನ ಮೇಜಿನ ಖಾನೆಯಲ್ಲಿ ಒಂದು ಅಂಚೆಯ ಕಾರ್ಡು ಇದೆ. ಬರೆದವರು ಹಳ್ಳಿಯೊಂದರ ನಿವೃತ್ತ ಉಪಾಧ್ಯಾಯರು. ನಾನು ಎಂದೋ ಬರೆದ ಲೇಖನದಲ್ಲಿ ಒಂದು ಮರದ ವಿಷಯವಾಗಿ ತಪ್ಪು ಹೇಳಿದ್ದೇನೆಂದು ಅವರು ಬಹಳ ವಿನಯದಿಂದ ತಿಳಿಸಿದ್ದರು. ವಿಚಾರಿಸಿ ನೋಡಿದೆ, ಅವರು ಹೇಳಿದ್ದೇ ಸರಿ. ನಾಳೆ ಉತ್ತರ ಬರೆದರಾಯಿತೆಂದು ಕಾರ್ಡನ್ನು ಒಳಗಿಟ್ಟೆ. ಐದು ವರ್ಷವಾಯಿತು, ಆ ನಾಳೆ ಇನ್ನೂ ಬಂದಿಲ್ಲ. ಬಿಡುವಿರಲಿಲ್ಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡದ್ದುಂಟು. ಆದರೆ ಹತ್ತು ನಿಮಿಷದ ಬಿಡುವು ಐದು ವರ್ಷದಲ್ಲಿ ಸಿಗಲಿಲ್ಲವೆಂದರೆ, ಬೇರೆಯವರ ಮಾತಿರಲಿ, ನನ್ನ ಮನಸ್ಸೇ ನಂಬುವುದಿಲ್ಲ.

ಚಾರ್ಲ್ಸ್ ಡಾರ್ವಿನ್ನನ ಕಾಗದಗಳನ್ನು ಓದುತ್ತಿದ್ದಾಗ ಆ ಕಾರ್ಡು ನೆನಪಿಗೆ ಬಂದು ಕಾಡತೊಡಗಿತು. ಅವನು ಬರೆದವೂ ಅವನಿಗೆ ಬಂದವೂ ಸೇರಿ ಸುಮಾರು 15,000 ಕಾಗದಗಳು ದೊರೆತಿವೆ. ಅವನೊಡನೆ ಪತ್ರವ್ಯವಹಾರ ನಡೆಸಿದವರು ಸುಮಾರು 2,000 ಮಂದಿ. ಇವನ್ನು ಕಲೆಹಾಕುವ ಕೆಲಸ 1974ರಲ್ಲಿ ಮೊದಲಾಯಿತು. ಮೊದಲ ಸಂಪುಟ ಅಚ್ಚಾದದ್ದು 1985ರಲ್ಲಿ, ಮೂವತ್ತನೆಯದೂ ಕೊನೆಯದೂ ಆದ ಸಂಪುಟ ಬಂದದ್ದು 2023ರಲ್ಲಿ. ಡಾರ್ವಿನ್ ಎಂದೊಡನೆ ನಮಗೆ ಮಂಗ ಮಾನವರ ಗದ್ದಲ ನೆನಪಾಗುತ್ತದೆ. ಈ ಕಾಗದಗಳಲ್ಲಿ ಬಹುಪಾಲು ಅಂಥ ದೊಡ್ಡ ಮಾತಿನವಲ್ಲ. ಪಾರಿವಾಳ ಸಾಕುವವನಿಗೊಂದು ಪ್ರಶ್ನೆ, ತೋಟದ ಮಾಲಿಗೊಂದು ಬೇಡಿಕೆ, ಬೀಜ ಕಳಿಸಿದವರಿಗೊಂದು ವಂದನೆ, ತೊಂದರೆ ಕೊಟ್ಟೆನೆಂದು ಕ್ಷಮಾಪಣೆ, ಅದರ ಹಿಂದೆಯೇ ಇನ್ನೊಂದು ಪ್ರಶ್ನೆ. ದಿನನಿತ್ಯದ ಸಂತೆಯ ಹಾಗಿದೆ.

ಬೀಗಲ್ ಹಡಗಿನಲ್ಲಿ 1831ರಿಂದ 1836ರವರೆಗೆ ಭೂಮಿಯನ್ನು ಸುತ್ತಿ ಬಂದ ಮೇಲೆ ಈ ಮನುಷ್ಯ ಮತ್ತೆ ಬ್ರಿಟನ್ ಬಿಟ್ಟು ಹೋಗಲಿಲ್ಲ. 1842ರಲ್ಲಿ ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಯಲ್ಲಿ ಮನೆ ಮಾಡಿದ. ಸಾಯುವವರೆಗೆ ಅಲ್ಲೇ ಇದ್ದ. ಮೈಯಲ್ಲಿ ಸದಾ ಏನಾದರೊಂದು ಕಾಯಿಲೆ. ಆದರೆ 1840ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿಯ ಅಂಚೆ ಬಂದಿತ್ತು. ಲೋಕದ ಬಳಿಗೆ ಹೋಗಲಾರದವನ ಬಳಿಗೆ ಲೋಕವೇ ಲಕೋಟೆಯಲ್ಲಿ ಬರತೊಡಗಿತು. ಕ್ಯೂ ಉದ್ಯಾನದಿಂದ ಹೂಕರ್, ಅಮೆರಿಕದ ಹಾರ್ವರ್ಡಿನಿಂದ ಏಸಾ ಗ್ರೇ, ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದಿಂದ ಎಡ್ವರ್ಡ್ ಬ್ಲೈತ್, ತಮಗೆ ತಿಳಿದುದನ್ನು ಬರೆದು ಕಳಿಸಿದರು. ಆಶ್ಚರ್ಯವಾದಾಗ ಜನ ಕಣ್ಣು ಬಾಯಿ ಅಗಲಿಸಿ ಹುಬ್ಬೇರಿಸುತ್ತಾರೆಯೇ, ನಾಚಿಕೆಯಾದರೆ ಮುಖ ಕೆಂಪೇರುತ್ತದೆಯೇ ಎಂಬಂಥ ಪ್ರಶ್ನೆಗಳ ಪಟ್ಟಿಯನ್ನು 1867ರಲ್ಲಿ ಅಚ್ಚುಹಾಕಿಸಿ ದೇಶದೇಶಗಳಿಗೆ ಕಳುಹಿಸಿದ. ಮೂವತ್ತಾರು ಉತ್ತರಗಳು ಬಂದುವು.

ಕೇಳುವುದರಲ್ಲಿ ಸಂಕೋಚವಿಲ್ಲದ ಇವನಿಗೆ, ಉತ್ತರ ಕೊಡುವುದರಲ್ಲಿ ಸೋಮಾರಿತನವೂ ಇರಲಿಲ್ಲ. ಮಗ ಫ್ರಾನ್ಸಿಸ್ ಬರೆದಿಟ್ಟಿರುವ ನೆನಪುಗಳನ್ನು ನೋಡಿ. ಮಧ್ಯಾಹ್ನದ ಊಟವಾದ ಮೇಲೆ ಪತ್ರಿಕೆ ಓದಿ, ಬೆಂಕಿಯ ಬದಿಯ ದೊಡ್ಡ ಕುರ್ಚಿಯಲ್ಲಿ ಕುಳಿತು, ಅದರ ತೋಳುಗಳ ಮೇಲೆ ಹಲಗೆಯಿಟ್ಟುಕೊಂಡು ಕಾಗದ ಬರೆಯುತ್ತಿದ್ದನಂತೆ. ಉದ್ದದ ಕಾಗದಗಳಿಗೆ ಮೊದಲು ಹಳೆಯ ಹಸ್ತಪ್ರತಿಯ ಬೆನ್ನಿನ ಮೇಲೆ ಕರಡು. ಆ ಕರಡು ಕೆಲವು ಸಲ ಬರೆದವನಿಗೇ ಓದಲು ಬಾರದು! ಪರದೇಶದವರಿಗೆ ಹೋಗುವ ಕಾಗದವಾದರೆ, ಅಕ್ಷರ ಸ್ಪಷ್ಟವಾಗಿರಲಿ ಎಂದು ಬರೆದುಕೊಳ್ಳುವ ಮಗನಿಗೆ ಹೇಳುತ್ತಿದ್ದ. ಹುಚ್ಚುಚ್ಚಾಗಿ ಬರೆದು ಪೀಡಿಸುವವರಿಗಾಗಿ ಒಂದು ಅಚ್ಚಿನ ಉತ್ತರವನ್ನು ಮಾಡಿಸಿಟ್ಟಿದ್ದ. ಅದನ್ನು ಬಳಸಿದ್ದು ಇಲ್ಲವೆನ್ನುವಷ್ಟು ಅಪರೂಪ. ಉತ್ತರಿಸದ ಕಾಗದ ಅವನ ಮನಸ್ಸಿನ ಮೇಲೆ ಭಾರವಾಗಿ ಕೂರುತ್ತಿತ್ತು.

ಇಷ್ಟು ಕೇಳಿದ ಜಾಣರೊಬ್ಬರು ಒಂದು ಪ್ರಶ್ನೆ ಹಾಕಬಹುದು. ಇದರಲ್ಲಿ ಧರ್ಮ ಎಲ್ಲಿ ಬಂತು? ಅವನಿಗೆ ಪುಸ್ತಕಕ್ಕೆ ಸಾಮಗ್ರಿ ಬೇಕಾಗಿತ್ತು; ಹಸು ಹಾಲು ಕೊಡಬೇಕಾದರೆ ಮೇವು ಹಾಕಬೇಕು; ವಿನಯದ ಕಾಗದಗಳು ಆ ಮೇವು. ಈ ಮಾತನ್ನು ಸುಮ್ಮನೆ ತಳ್ಳಿಹಾಕಲಾಗದು. ಸೌಜನ್ಯವೂ ಸ್ವಾರ್ಥವೂ ಒಂದೇ ದಾರಿಯಲ್ಲಿ ನಡೆಯುತ್ತಿರುವಾಗ ಯಾವುದು ಯಾವುದೆಂದು ಹೇಳುವುದು ಹೇಗೆ? ದಾರಿ ಕವಲೊಡೆಯುವವರೆಗೆ ಹೇಳಲಾಗುವುದಿಲ್ಲ. ಬಂದ ಕಾಗದ ಲಾಭದ ಬದಲು ನಷ್ಟವನ್ನು ಹೊತ್ತು ತಂದ ದಿನ ಪರೀಕ್ಷೆ.

ಅಂಥ ಒಂದು ಕಾಗದ 1862ರ ನವೆಂಬರಿನಲ್ಲಿ ಬಂತು. ಬರೆದವನು ಎಡಿನ್‌ಬರೋ ಸಸ್ಯೋದ್ಯಾನದ ತೋಟಗಾರ ಜಾನ್ ಸ್ಕಾಟ್. ಡಾರ್ವಿನ್ ಆ ವರ್ಷವಷ್ಟೇ ಆರ್ಕಿಡ್ ಹೂಗಳ ಮೇಲೆ ಪುಸ್ತಕ ಪ್ರಕಟಿಸಿದ್ದ. ಅದರಲ್ಲಿ ಒಂದು ಜಾತಿಯ ವಿಷಯದಲ್ಲಿ ತಪ್ಪಿದೆಯೆಂದು ಈ ಅಪರಿಚಿತ ಹುಡುಗ ತೋರಿಸಿದ. ಡಾರ್ವಿನ್ ತಪ್ಪನ್ನೊಪ್ಪಿಕೊಂಡ. ಅಷ್ಟಕ್ಕೇ ಬಿಡದೆ ಪ್ರಶ್ನೆ ಕೇಳಿದ, ಪ್ರಯೋಗಗಳನ್ನು ಮಾಡಲು ಹುರಿದುಂಬಿಸಿದ, ಅವನ ಬರಹವನ್ನು ಲಂಡನ್ನಿನ ಲಿನೇಯನ್ ಸೊಸೈಟಿಗೆ ತಲುಪಿಸಿದ. 1864ರಲ್ಲಿ ಸ್ಕಾಟ್ ಕೆಲಸ ಬಿಟ್ಟಾಗ ಡಾರ್ವಿನ್ನೂ ಹೂಕರನೂ ಅವನು ಭಾರತಕ್ಕೆ ಬರಲು ನೆರವಾದರು. ಮುಂದೆ ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ ಅವನಿಗೆ ಕ್ಯುರೇಟರ್ ಹುದ್ದೆ ದೊರೆಯಿತು. ತಪ್ಪು ಹಿಡಿದವನು ಸಹೋದ್ಯೋಗಿಯಾದ.

ಇನ್ನೊಂದು ಕಾಗದದ ಕಥೆ ಎಲ್ಲರಿಗೂ ಗೊತ್ತು. 1858ರ ಜೂನಿನಲ್ಲಿ, ಮಲಯ ದ್ವೀಪಗಳಲ್ಲಿ ಪ್ರಾಣಿ ಪಕ್ಷಿಗಳನ್ನು ಸಂಗ್ರಹಿಸಿ ಜೀವನ ಮಾಡುತ್ತಿದ್ದ ಆಲ್ಫ್ರೆಡ್ ರಸೆಲ್ ವಾಲೇಸ್ ಕಳಿಸಿದ ಲೇಖನ ಡೌನ್ ಹಳ್ಳಿಗೆ ತಲುಪಿತು. ಡಾರ್ವಿನ್ ಇಪ್ಪತ್ತು ವರ್ಷ ಯಾರಿಗೂ ಹೆಚ್ಚಾಗಿ ಹೇಳದೆ ಬೆಳೆಸುತ್ತ ಬಂದ ಸಿದ್ಧಾಂತವೇ ಅದರಲ್ಲಿತ್ತು. ಅದು ಯಾವ ದಿನ ಕೈಸೇರಿತೆಂದು ವಿದ್ವಾಂಸರು ಈಗಲೂ ವಾದಿಸುತ್ತಾರೆ. ಟಪಾಲು ಸಮುದ್ರದ ಮೇಲೆ ತಿಂಗಳುಗಟ್ಟಲೆ ಬರುತ್ತಿದ್ದ ಕಾಲ. ಕಳೆದುಹೋಯಿತೆಂದರೆ ಯಾರು ಕೇಳುತ್ತಿದ್ದರು? ಡಾರ್ವಿನ್ ಅದನ್ನು ಸ್ನೇಹಿತ ಲಯಲ್‌ಗೆ ಕಳುಹಿಸಿದ. ತನ್ನ ಸ್ವಂತಿಕೆಯೆಲ್ಲ ಪುಡಿಯಾಯಿತೆಂದು ದುಃಖಪಟ್ಟ. ಆದರೂ ತಾನು ಸಣ್ಣತನ ತೋರಿದೆನೆಂದು ವಾಲೇಸ್ ತಿಳಿಯುವುದಕ್ಕಿಂತ ತನ್ನ ಪುಸ್ತಕವನ್ನು ಸುಟ್ಟುಬಿಡುವುದೇ ಮೇಲೆಂದು ಬರೆದ. ಅದೇ ದಿನಗಳಲ್ಲಿ ಮನೆಯಲ್ಲಿ ಸೋಂಕುಜ್ವರ. ಜೂನ್ 28ರಂದು ಹಸುಗೂಸು ತೀರಿಕೊಂಡಿತು. ಜುಲೈ 1ರಂದು ಲಯಲ್ ಮತ್ತು ಹೂಕರ್ ಇಬ್ಬರ ಬರಹಗಳನ್ನೂ ಲಿನೇಯನ್ ಸೊಸೈಟಿಯಲ್ಲಿ ಒಟ್ಟಿಗೆ ಓದಿಸಿದರು.

ಇದು ಪೂರ್ಣ ನ್ಯಾಯವೇ? ಅಲ್ಲ. ವಾಲೇಸನನ್ನು ಯಾರೂ ಕೇಳಲಿಲ್ಲ. ಡಾರ್ವಿನ್ ನಿರ್ಧಾರವನ್ನು ತನ್ನ ಸ್ನೇಹಿತರಿಗೇ ಬಿಟ್ಟದ್ದು ಅವನಿಗೇ ಅನುಕೂಲವಾಯಿತು. ಆದರೂ ಅವನು ಕಾಗದವನ್ನು ಬಚ್ಚಿಡಲಿಲ್ಲ. ವಾಲೇಸ್ ಕಹಿಯಿಲ್ಲದೆ ಇದನ್ನು ಒಪ್ಪಿಕೊಂಡ. 1881ರಲ್ಲಿ ವರ್ಷಕ್ಕೆ 200 ಪೌಂಡುಗಳ ಸರ್ಕಾರಿ ವಿಶ್ರಾಂತಿವೇತನ ಅವನಿಗೆ ದೊರೆಯುವಂತೆ ಓಡಾಡಿದವರಲ್ಲಿ ಮುದುಕನಾದ ಡಾರ್ವಿನ್ನೂ ಒಬ್ಬ.

ಇವನನ್ನು ಸಂತನನ್ನಾಗಿ ಮಾಡುವುದು ನನ್ನ ಉದ್ದೇಶವಲ್ಲ. ಕಾಗದಗಳೇ ಅದಕ್ಕೆ ಅವಕಾಶ ಕೊಡುವುದಿಲ್ಲ. ಅಮೆರಿಕದ ಮೇರಿ ಟ್ರೀಟ್ ಎಂಬಾಕೆ ಕೀಟ ತಿನ್ನುವ ಸಸ್ಯಗಳನ್ನು ಗಮನಿಸಿ ಬರೆದುದನ್ನು ಡಾರ್ವಿನ್ 1875ರ ತನ್ನ ಪುಸ್ತಕದಲ್ಲಿ ಹೆಸರು ಹೇಳಿ ಬಳಸಿಕೊಂಡಿದ್ದ. ಆದರೆ ಹೆಂಗಸರು ಬುದ್ಧಿಯಲ್ಲಿ ಕಡಿಮೆಯೆಂಬುದು ವಿಜ್ಞಾನದ ತೀರ್ಮಾನವೇ ಎಂದು ಕ್ಯಾರೊಲಿನ್ ಕೆನರ್ಡ್ ಎಂಬಾಕೆ ಕೇಳಿದಾಗ, 1882ರ ಜನವರಿಯಲ್ಲಿ ಬರೆದ ಉತ್ತರದಲ್ಲಿ, ಗುಣದಲ್ಲಿ ಹೆಂಗಸರು ಮೇಲು, ಬುದ್ಧಿಯಲ್ಲಿ ಕೀಳು ಎಂದ. ಗಂಡಸಿಗೆ ದೊರೆಯುವ ಅವಕಾಶವನ್ನು ಮೊದಲು ಹೆಣ್ಣಿಗೂ ಕೊಡಿ, ತೂಗುವುದು ಆಮೇಲೆ, ಎಂಬ ಅರ್ಥದ ಮಾತನ್ನು ಆಕೆ ತಿರುಗಿ ಬರೆದಳು. ಸಾಕ್ಷ್ಯ ಅವನ ಟಪಾಲಿನಲ್ಲೇ ಇತ್ತು. ಅವನು ಅದನ್ನು ಓದಿಕೊಳ್ಳಲಿಲ್ಲ. ಹಾಗೆಯೇ ಕಲ್ಕತ್ತೆಯಿಂದ ಸ್ಕಾಟ್ ಅಲ್ಲಿಯ ಜನರ ನಗು, ಅಳು, ನಾಚಿಕೆಗಳನ್ನು ನೋಡಿ ಬರೆದು ಕಳಿಸಿದ. ಅವರ ಮುಖಗಳು 1872ರ ಪುಸ್ತಕದೊಳಕ್ಕೆ ಬಂದುವು, ಹೆಸರುಗಳು ಬರಲಿಲ್ಲ. ಲಕೋಟೆಗೆ ವಿಳಾಸ ಬರೆಯಬಲ್ಲವರಿಗೆ ಸಂದ ಋಣ, ಬರೆಯಲಾರದವರಿಗೆ ಸಲ್ಲದೆ ಉಳಿಯಿತು.

ಇಷ್ಟಾದರೂ ಅವನ ಕೊನೆಯ ದಿನಗಳ ಒಂದು ವ್ಯವಹಾರವನ್ನು ಹೇಳದೆ ಇರಲಾರೆ. 1882ರ ಫೆಬ್ರವರಿಯಲ್ಲಿ ನಾರ್ತ್‌ಹ್ಯಾಂಪ್ಟನ್ ಊರಿನ ಬೂಟು ತಯಾರಕ ವಾಲ್ಟರ್ ಡ್ರಾಬ್ರಿಜ್ ಕ್ರಿಕ್, ನೀರಿನ ಜೀರುಂಡೆಯೊಂದರ ಕಾಲಿಗೆ ಪುಟ್ಟ ಚಿಪ್ಪಿನ ಪ್ರಾಣಿ ಕಚ್ಚಿಕೊಂಡಿದ್ದುದನ್ನು ಕಂಡು ಡಾರ್ವಿನ್ನನಿಗೆ ಬರೆದ. ಒಂದು ಕೆರೆಯ ಚಿಪ್ಪು ಇನ್ನೊಂದು ಕೆರೆಗೆ ಹೇಗೆ ಹೋಗುತ್ತದೆಂಬುದು ಡಾರ್ವಿನ್ನನ ಹಳೆಯ ಪ್ರಶ್ನೆ. ಮೈಯಲ್ಲಿ ಶಕ್ತಿಯಿಲ್ಲದಿದ್ದರೂ ಒಂದೊಂದು ವಿವರವನ್ನೂ ಕೇಳಿ ಬರೆದ. ಕ್ರಿಕ್ ಜೀರುಂಡೆಯನ್ನೇ ಕಳಿಸಿಕೊಟ್ಟ. ಅದು ಇನ್ನೂ ಕುಟುಕುಜೀವದಲ್ಲಿತ್ತು. ನೋವಿಲ್ಲದೆ ಬೇಗ ಸಾಯಲೆಂದು ಡಾರ್ವಿನ್ ಅದನ್ನು ಲಾರೆಲ್ ಎಲೆಯ ಚೂರುಗಳೊಡನೆ ಸೀಸೆಯಲ್ಲಿಟ್ಟು, ಹಾಗೆ ಮಾಡಿದೆನೆಂದು ಕ್ರಿಕ್‌ಗೆ ತಿಳಿಸಿದ. ಏಪ್ರಿಲ್ 6ರಂದು 'ನೇಚರ್' ಪತ್ರಿಕೆಯಲ್ಲಿ ಕ್ರಿಕ್‌ನ ಹೆಸರಿನೊಡನೆ ಈ ಸಂಗತಿ ಅಚ್ಚಾಯಿತು. ಏಪ್ರಿಲ್ 19ರಂದು ಡಾರ್ವಿನ್ ತೀರಿಕೊಂಡ. ಆ ಬೂಟು ತಯಾರಕನ ಮೊಮ್ಮಗನೇ 1953ರಲ್ಲಿ ವಾಟ್ಸನ್ನನೊಡನೆ ಡಿಎನ್‌ಎಯ ರಚನೆಯನ್ನು ಕಂಡುಹಿಡಿದ ಫ್ರಾನ್ಸಿಸ್ ಕ್ರಿಕ್. ಅದು ಕಾಕತಾಳೀಯ, ಡಾರ್ವಿನ್ನನಿಗೆ ಗೊತ್ತಿದ್ದುದು ಎದುರಿಗಿದ್ದ ಬೂಟಿನವನು, ಅವನ ಜೀರುಂಡೆ, ಇಷ್ಟೇ. ಅಷ್ಟಕ್ಕೇ ಉತ್ತರ ಬರೆದ.

ತಿಳಿವಳಿಕೆ ನಮ್ಮ ಸ್ವಂತ ಗಳಿಕೆಯೆಂದು ನಾವು ಭಾವಿಸುತ್ತೇವೆ. ಅದರ ಬಹುಪಾಲು ಇನ್ನೊಬ್ಬರು ನೋಡಿ, ಹೇಳಿ, ತಿದ್ದಿ ಕೊಟ್ಟದ್ದು. ತಿದ್ದಿದವರಿಗೆ ಉತ್ತರ ಕೊಡದಿರುವುದು ಬರಿಯ ಸೋಮಾರಿತನವೆಂದು ನಾನು ಈಗ ಹೇಳಲಾರೆ. ಸಾಲ ಇಲ್ಲವೆಂದು ವಾದಿಸುವ ಒಂದು ಬಗೆ ಅದು.

ಈ ಲೇಖನ ಮುಗಿಸುವ ಮುಂಚೆ ಆ ಉಪಾಧ್ಯಾಯರಿಗೆ ಕಾಗದ ಬರೆದೆ. ಅವರು ಅದೇ ವಿಳಾಸದಲ್ಲಿ ಇದ್ದಾರೋ ಇಲ್ಲವೋ ತಿಳಿಯದು. ಕ್ಷೇಮಸಮಾಚಾರ, ತಡವಾದುದಕ್ಕೆ ಕ್ಷಮೆ, ಇವೆಲ್ಲ ಸಲೀಸಾಗಿ ಬಂದುವು. 'ತಾವು ಹೇಳಿದ್ದೇ ಸರಿ, ತಪ್ಪು ನನ್ನದು' ಎಂಬ ವಾಕ್ಯ ಬರೆಯಲು ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು.